ಕಸದ ಪ್ಲಾಸ್ಟಿಕ್‌ನಿಂದ ಸ್ಟೂಲ್ ಮಾಡಬಹುದು, ಆಟಿಕೆ ಮಾಡಬಹುದಾ?

ಖಾಲಿ ಬಾಟಲಿ ಕತ್ತರಿಸಿ ಪೆನ್ನು ಇಡುವ ಡಬ್ಬಿ. ಮುಚ್ಚಳಗಳಿಗೆ ತೂತು ಕೊರೆದು ಪುಟ್ಟ ಗಾಡಿಯ ಚಕ್ರ. ಹಳೆ ಕವರ್‌ಗಳನ್ನು ಹೆಣೆದು ಚೀಲ. ಇಂಥ ವಿಡಿಯೊಗಳು ದಿನವೂ ನಮ್ಮ ಫೋನಿಗೆ ಬರುತ್ತವೆ. ಜೊತೆಗೆ, ಪ್ಲಾಸ್ಟಿಕ್ ಕಸವನ್ನು ಪುಡಿ ಮಾಡಿ, ಕಾಯಿಸಿ, ಅಚ್ಚಿಗೆ ಹಾಕಿ ಕುರ್ಚಿ, ಸ್ಟೂಲ್, ಹೂಕುಂಡ, ಆಟಿಕೆ ಮಾಡುವ ಸಣ್ಣ ಸಣ್ಣ ವರ್ಕ್‌ಶಾಪ್‌ಗಳೂ ಜಗತ್ತಿನ ತುಂಬ ಹುಟ್ಟಿಕೊಂಡಿವೆ. ಬಿಸಾಡಿದ್ದು ಮತ್ತೆ ಕೆಲಸಕ್ಕೆ ಬಂತು ಅಂದರೆ ಯಾರಿಗೆ ತಾನೇ ಖುಷಿಯಾಗಲ್ಲ? ನನಗೂ ಆಗುತ್ತದೆ. ಆದರೆ ಈ ಎರಡು ಕೆಲಸಗಳ ನಡುವೆ ದೊಡ್ಡ ವ್ಯತ್ಯಾಸ ಇದೆ. ಬಾಟಲಿಯನ್ನು ಬಾಟಲಿಯಾಗಿಯೇ ಇಟ್ಟುಕೊಂಡು ಬೇರೆ ಕೆಲಸಕ್ಕೆ ಬಳಸುವುದು ಒಂದು. ಅದನ್ನು ಕರಗಿಸಿ ಬೇರೆಯೇ ವಸ್ತು ಮಾಡುವುದು ಇನ್ನೊಂದು. ಕರಗಿಸಲು ಹೊರಟ ಗಳಿಗೆಯಿಂದ ರಸಾಯನಶಾಸ್ತ್ರ ಶುರುವಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕರಗಿಸಿದ ಪ್ಲಾಸ್ಟಿಕ್‌ಗೆ ಸರಿಯಾದ ಜಾಗ ಗಟ್ಟಿಮುಟ್ಟಾದ, ದಪ್ಪನೆಯ, ವರ್ಷಗಟ್ಟಲೆ ಬಾಳುವ ಮನೆ ಸಾಮಾನು. ಮಕ್ಕಳ ಆಟಿಕೆ ಮಾಡುವುದಾದರೆ ಅದು ಯಾವ ಪ್ಲಾಸ್ಟಿಕ್, ಮೊದಲು ಏನಾಗಿತ್ತು, ಎಲ್ಲಿಂದ ಬಂತು ಎನ್ನುವುದು ಖಚಿತವಾಗಿ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅದನ್ನು ಆಟಿಕೆ ಮಾಡಲೇಬಾರದು.

ಮೊದಲು ಅಳತೆ ನೋಡೋಣ

ಹೆಚ್ಚಾಗಿ ಶ್ರೀಮಂತ ದೇಶಗಳೇ ಸೇರಿರುವ ಆರ್ಥಿಕ ಸಂಘಟನೆ ಒಇಸಿಡಿ ಕೊಟ್ಟ ಲೆಕ್ಕದ ಪ್ರಕಾರ 2019ರಲ್ಲಿ ಜಗತ್ತು ಬಳಸಿದ ಪ್ಲಾಸ್ಟಿಕ್ ಸುಮಾರು 46 ಕೋಟಿ ಟನ್. ಆ ವರ್ಷ ಕಸವಾಗಿದ್ದು ಸುಮಾರು 35 ಕೋಟಿ ಟನ್. ಅದರಲ್ಲಿ ಕೊನೆಗೂ ಹೊಸ ವಸ್ತುವಾಗಿ ಹೊರಬಂದಿದ್ದು ಶೇ 9 ಮಾತ್ರ. ಉಳಿದದ್ದು ನೆಲಭರ್ತಿಗೆ, ಬೆಂಕಿಗೆ, ಇಲ್ಲವೇ ಹೊಳೆ ಸಮುದ್ರಕ್ಕೆ. ಇದಕ್ಕೂ ಮೊದಲು, 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ 1950ರಿಂದ 2015ರವರೆಗೆ ತಯಾರಾದ ಪ್ಲಾಸ್ಟಿಕ್ಕನ್ನೆಲ್ಲ ಕೂಡಿಸಿ ನೋಡಿತ್ತು. ಒಟ್ಟು 830 ಕೋಟಿ ಟನ್. ಅಲ್ಲೂ ಕಸವಾದದ್ದರಲ್ಲಿ ಮರುಬಳಕೆಯಾದ ಪಾಲು ಸರಿಸುಮಾರು ಶೇ 9.

ಪ್ಲಾಸ್ಟಿಕ್ ಮಾಲಿನ್ಯ ತಡೆಯಲು ಒಂದು ಅಂತರರಾಷ್ಟ್ರೀಯ ಒಪ್ಪಂದ ಬೇಕು ಎಂದು ವಿಶ್ವಸಂಸ್ಥೆಯ ಪರಿಸರ ಸಭೆ 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ತೀರ್ಮಾನಿಸಿತು. 2024ರ ಕೊನೆಗೆ ಬೂಸಾನ್‌ನಲ್ಲಿ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ದೇಶಗಳು ಕೂತು ಮಾತಾಡಿದವು. ಎರಡೂ ಕಡೆ ಒಮ್ಮತ ಬರಲಿಲ್ಲ. ಹೊಸ ಪ್ಲಾಸ್ಟಿಕ್ ತಯಾರಿಕೆಗೇ ಮಿತಿ ಹಾಕಬೇಕಾ, ಅಥವಾ ಕಸದ ನಿರ್ವಹಣೆ ಸುಧಾರಿಸಿದರೆ ಸಾಕಾ ಎನ್ನುವಲ್ಲಿ ಮಾತು ಸಿಕ್ಕಿಹಾಕಿಕೊಂಡಿತು.

ಈ ಅಂಕಿಗಳ ಮುಂದೆ ಒಂದು ವರ್ಕ್‌ಶಾಪ್ ವರ್ಷವಿಡೀ ಮಾಡುವ ಸ್ಟೂಲುಗಳು ಲೆಕ್ಕಕ್ಕೇ ಸಿಗಲ್ಲ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಕರಕುಶಲದಿಂದ ಪ್ಲಾಸ್ಟಿಕ್ ಸಮಸ್ಯೆ ಬಗೆಹರಿಯುತ್ತದೆ ಎಂದು ಯಾರಾದರೂ ಹೇಳಿದರೆ ಅದು ನಿಜವಲ್ಲ. ಹಾಗಂತ ಈ ಕೆಲಸ ದಂಡವೂ ಅಲ್ಲ. ಕೈಯಾರೆ ಪ್ಲಾಸ್ಟಿಕ್ ಬೇರ್ಪಡಿಸಿ, ಕರಗಿಸಿ ನೋಡಿದವರಿಗೆ ಯಾವ ವಸ್ತು ಮತ್ತೆ ಬಳಕೆಗೆ ಬರುತ್ತದೆ, ಯಾವುದು ಬರಲ್ಲ ಎನ್ನುವುದು ಎಷ್ಟು ಚೆನ್ನಾಗಿ ಗೊತ್ತಾಗುತ್ತದೆ ಅಂದರೆ, ಮುಂದೆ ಅವರು ಅಂಗಡಿಯಲ್ಲಿ ಸಾಮಾನು ಆರಿಸುವ ರೀತಿಯೇ ಬದಲಾಗುತ್ತದೆ.

ಎಲ್ಲ ಪ್ಲಾಸ್ಟಿಕ್ ಒಂದೇ ಜಾತಿ ಅಲ್ಲ

ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ ಅಲ್ವಾ? ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ 1988ರಲ್ಲಿ ಅದನ್ನು ಜಾರಿಗೆ ತಂದಿತು. 1 ಅಂದರೆ ಪೆಟ್, ನೀರಿನ ಬಾಟಲಿ. 2 ಎಚ್‌ಡಿಪಿಇ, ಶಾಂಪೂ ಬಾಟಲಿ, ಎಣ್ಣೆ ಕ್ಯಾನು. 3 ಪಿವಿಸಿ, ಪೈಪು. 4 ಎಲ್‌ಡಿಪಿಇ, ಮೆತ್ತನೆ ಕವರ್. 5 ಪಿಪಿ, ಊಟದ ಡಬ್ಬಿ, ಗಟ್ಟಿ ಮುಚ್ಚಳ. 6 ಪಾಲಿಸ್ಟೈರೀನ್, ಬಿಸಾಡುವ ಲೋಟ, ಥರ್ಮಾಕೋಲ್. 7 ಅಂದರೆ ಉಳಿದದ್ದೆಲ್ಲ. ಅಂಕಿಯ ಸುತ್ತ ಬಾಣದ ಗುರುತು ಇತ್ತು. ಅದನ್ನು ನೋಡಿ ಜನ 'ಇದು ಮರುಬಳಕೆ ಆಗುತ್ತದೆ' ಎಂದುಕೊಂಡರು. ಆ ಗುರುತು ಹೇಳುವುದು ಜಾತಿಯನ್ನು ಮಾತ್ರ. ಗೊಂದಲ ಎಷ್ಟು ಹೆಚ್ಚಿತೆಂದರೆ 2013ರಲ್ಲಿ ಆ ಮಾನದಂಡವನ್ನೇ ತಿದ್ದಿ, ಬಾಣ ತೆಗೆದು ಬರೀ ತ್ರಿಕೋನ ಉಳಿಸಿದರು. ಹಳೆ ಅಚ್ಚುಗಳು ಇನ್ನೂ ಬಳಕೆಯಲ್ಲಿವೆ, ಹಾಗಾಗಿ ಬಾಣವೂ ಕಾಣುತ್ತಲೇ ಇದೆ.

ಜಾತಿ ಯಾಕೆ ಮುಖ್ಯ? ಒಂದೊಂದೂ ಒಂದೊಂದು ಬಿಸಿಗೆ ಕರಗುತ್ತದೆ. ಎಚ್‌ಡಿಪಿಇ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಪಿಪಿಗೆ 160 ದಾಟಬೇಕು. ಪೆಟ್‌ಗೆ 250ರ ಆಸುಪಾಸು. ಈಗ ಎಚ್‌ಡಿಪಿಇ ಚೂರುಗಳ ಜೊತೆ ಒಂದು ಹಿಡಿ ಪೆಟ್ ಚೂರು ಬೆರೆತಿದೆ ಎಂದುಕೊಳ್ಳಿ. 180 ಡಿಗ್ರಿಯಲ್ಲಿ ಎಚ್‌ಡಿಪಿಇ ಕರಗಿ ಹರಿಯುತ್ತದೆ. ಪೆಟ್ ಕರಗದೆ ಹಾಗೇ ಕೂರುತ್ತದೆ. ಹಲಗೆ ತಣ್ಣಗಾದ ಮೇಲೆ ಅದರೊಳಗೆ ಬೆರೆಯದ ಚೂರುಗಳು ಉಳಿದಿರುತ್ತವೆ, ಭಾರ ಬಿದ್ದಾಗ ಬಿರುಕು ಬಿಡುವುದು ಅಲ್ಲಿಂದಲೇ. ಪೆಟ್ ಜೊತೆ ಪಿವಿಸಿ ಬೆರೆತರಂತೂ ಕಷ್ಟ. ಪೆಟ್ ಕರಗುವ ಬಿಸಿಗೆ ಪಿವಿಸಿ ಕೆಟ್ಟು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಆ ಹೊಗೆ ಶ್ವಾಸಕ್ಕೆ ಅಪಾಯ, ಯಂತ್ರದ ಲೋಹಕ್ಕೂ ತುಕ್ಕು.

ಒಂದೇ ಬಿಸಿಗೆ ಕರಗಿದರೂ ಎರಡು ಪ್ಲಾಸ್ಟಿಕ್ ಒಂದಾಗುತ್ತವೆ ಅಂತಿಲ್ಲ. ಪಿಪಿ ಮತ್ತು ಪಾಲಿಥೀನ್ (ಅಂದರೆ ಎಚ್‌ಡಿಪಿಇ, ಎಲ್‌ಡಿಪಿಇ) ಹೊರಗೆ ನೋಡಲು ಒಂದೇ ಥರ. ಕರಗಿಸಿ ಬೆರೆಸಿದರೆ ಮಾತ್ರ ಒಳಗೊಳಗೆ ಬೇರೆಬೇರೆಯಾಗಿಯೇ ಉಳಿದು, ಬಗ್ಗಿಸಿದಾಗ ಪದರ ಪದರವಾಗಿ ಬಿಟ್ಟುಕೊಳ್ಳುತ್ತವೆ.

ಅಂಕಿ ಇಲ್ಲದ ಚೂರುಗಳನ್ನು ಬೇರ್ಪಡಿಸುವುದು ಹೇಗೆ? ಇದಕ್ಕೆ ನೀರೇ ಸಾಕು. ಒಂದು ಬಾಟಲಿಯನ್ನೂ ಅದರ ಮುಚ್ಚಳವನ್ನೂ ಸಣ್ಣಗೆ ಕತ್ತರಿಸಿ ಒಟ್ಟಿಗೆ ಬಕೆಟ್ ನೀರಿಗೆ ಹಾಕಿ, ಗಾಳಿಗುಳ್ಳೆ ಹೋಗುವ ಹಾಗೆ ಚೆನ್ನಾಗಿ ಕಲಕಿ. ಮುಚ್ಚಳದ ಚೂರು ಮೇಲೆ ತೇಲುತ್ತದೆ, ಬಾಟಲಿಯ ಚೂರು ತಳ ಸೇರುತ್ತದೆ. ಮುಚ್ಚಳ ಎಚ್‌ಡಿಪಿಇ ಅಥವಾ ಪಿಪಿ, ಅವುಗಳ ಸಾಂದ್ರತೆ ನೀರಿಗಿಂತ ಕಡಿಮೆ. ನೀರಿನದ್ದು 1 ಆದರೆ ಪೆಟ್‌ನ ಸಾಂದ್ರತೆ 1.38. ದೊಡ್ಡ ಘಟಕಗಳಲ್ಲೂ ಇದೇ ಉಪಾಯ, ತೊಟ್ಟಿ ಮಾತ್ರ ದೊಡ್ಡದು. ಮುಳುಗಿದ್ದನ್ನು ತೆಗೆದು ಗಟ್ಟಿ ಉಪ್ಪುನೀರಿಗೆ ಹಾಕಿದರೆ ಗಟ್ಟಿ ಪಾಲಿಸ್ಟೈರೀನ್ ತೇಲುತ್ತದೆ. ಪೆಟ್, ಪಿವಿಸಿ ಆಗಲೂ ತಳದಲ್ಲೇ ಇರುತ್ತವೆ. ಅವೆರಡನ್ನು ನೀರಿನಿಂದ ಬೇರ್ಪಡಿಸಲು ಆಗಲ್ಲ, ಯಾಕೆಂದರೆ ಸಾಂದ್ರತೆ ಹತ್ತಿರ ಹತ್ತಿರ. ಅದಕ್ಕೇ ಸಣ್ಣ ವರ್ಕ್‌ಶಾಪ್‌ನವರು ಪಿವಿಸಿಯನ್ನು ಬಾಗಿಲೊಳಗೇ ಬಿಟ್ಟುಕೊಳ್ಳಬಾರದು.

ಇಲ್ಲಿ ಒಂದು ತೊಡಕು ಇದೆ. ಕಸದಲ್ಲಿ ನಮ್ಮ ಕಣ್ಣಿಗೆ ಜಾಸ್ತಿ ಬೀಳುವುದು ಪೆಟ್ ಬಾಟಲಿ. ಆದರೆ ಸಣ್ಣ ಯಂತ್ರದಲ್ಲಿ ಕರಗಿಸಲು ಅದೇ ಎಲ್ಲಕ್ಕಿಂತ ಕಷ್ಟ. ಗಾಳಿಯಲ್ಲಿನ ತೇವವನ್ನು ಪೆಟ್ ಹೀರಿಕೊಳ್ಳುತ್ತದೆ. ತೇವ ಉಳಿದಿರುವಾಗಲೇ ಕರಗಿಸಿದರೆ ಅದರ ಉದ್ದನೆಯ ಅಣುಸರಪಳಿಗಳು ತುಂಡಾಗಿ, ವಸ್ತು ಪೆಡಸಾಗಿ ಮುಟ್ಟಿದರೆ ಮುರಿಯುವಂತಾಗುತ್ತದೆ. ಕಾರ್ಖಾನೆಗಳು ಅದನ್ನು ಗಂಟೆಗಟ್ಟಲೆ ಬಿಸಿಗಾಳಿಯಲ್ಲಿ ಒಣಗಿಸಿಯೇ ಯಂತ್ರಕ್ಕೆ ಹಾಕುವುದು. ಆದ್ದರಿಂದ ಪೆಟ್ ಬಾಟಲಿಯನ್ನು ಸರಿಯಾದ ಘಟಕಕ್ಕೆ ಹೋಗಲು ಬಿಡುವುದೇ ಒಳ್ಳೆಯದು. ಅಲ್ಲಿ ಅದಕ್ಕೆ ಬೇಡಿಕೆಯೂ ಇದೆ. ಸಣ್ಣ ವರ್ಕ್‌ಶಾಪ್‌ಗೆ ಒಗ್ಗುವುದು ಮುಚ್ಚಳ, ಶಾಂಪೂ ಬಾಟಲಿ, ಕ್ಯಾನು, ಒಡೆದ ಬಕೆಟ್.

ಒಂದು ಹಲಗೆ ತಯಾರಾಗುವ ಬಗೆ

ಡೇವ್ ಹಕೆನ್ಸ್ ಎಂಬ ಡಚ್ ವಿನ್ಯಾಸಗಾರ 2013ರಲ್ಲಿ 'ಪ್ರೆಶಸ್ ಪ್ಲಾಸ್ಟಿಕ್' ಎನ್ನುವ ಯೋಜನೆ ಶುರುಮಾಡಿದರು. ಪ್ಲಾಸ್ಟಿಕ್ ಪುಡಿ ಮಾಡುವ, ಕರಗಿಸಿ ನೂಲಿನಂತೆ ಹೊರತಳ್ಳುವ, ಅಚ್ಚಿಗೆ ಒತ್ತಿ ತುಂಬುವ, ಹಲಗೆ ಒತ್ತುವ ಯಂತ್ರಗಳ ನಕ್ಷೆಗಳನ್ನು ಬಿಟ್ಟಿಯಾಗಿ ಎಲ್ಲರಿಗೂ ಕೊಟ್ಟರು. ವೆಲ್ಡಿಂಗ್ ಗೊತ್ತಿರುವ ಯಾರಾದರೂ ಕಟ್ಟಿಕೊಳ್ಳಬಹುದಾದ ಯಂತ್ರಗಳು ಅವು. ಇವತ್ತು ಎಷ್ಟೋ ದೇಶಗಳ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಇವೇ ನಕ್ಷೆಗಳು ಓಡುತ್ತಿವೆ.

ಇವುಗಳಲ್ಲಿ ಮನೆ ಸಾಮಾನಿಗೆ ಅತ್ಯಂತ ಉಪಯೋಗದ್ದು ಹಲಗೆ ಒತ್ತುವ ಯಂತ್ರ. ಮೊದಲು ಚೂರುಗಳನ್ನು ತೊಳೆಯಬೇಕು. ಲೇಬಲ್ಲಿನ ಅಂಟು, ಎಣ್ಣೆ ಪಸೆ ಹೋಗದಿದ್ದರೆ ಮುಂದೆ ಹೊಗೆ, ವಾಸನೆ, ಒಳಗೆ ಗುಳ್ಳೆ. ಪೂರ್ತಿ ಒಣಗಿದ ಮೇಲೆ ಲೋಹದ ಚೌಕಟ್ಟಿನೊಳಗೆ ಹರಡುತ್ತಾರೆ. ಮೇಲೆ ಕೆಳಗೆ ಅಂಟದ ಹಾಳೆ, ಅದರಾಚೆ ಬಿಸಿ ತಟ್ಟೆ. ಚೂರುಗಳ ನಡುವೆ ಗಾಳಿ ಇರುವುದರಿಂದ ಕರಗಿದಂತೆ ರಾಶಿ ಕುಸಿಯುತ್ತದೆ. ಹಾಗಾಗಿ ಬೇಕಾದ ದಪ್ಪಕ್ಕಿಂತ ಎಷ್ಟೋ ಎತ್ತರಕ್ಕೆ ಮೊದಲೇ ತುಂಬಿರಬೇಕು. ಕರಗಿದ ಎಚ್‌ಡಿಪಿಇ ನೀರಿನ ಹಾಗೆ ತೆಳುವಾಗಿ ಹರಿಯಲ್ಲ. ನಾದಿದ ಹಿಟ್ಟಿನಷ್ಟು ಗಟ್ಟಿ ಇರುತ್ತದೆ. ಬಣ್ಣಗಳು ಬೆರೆತು ಮಾಯವಾಗದೆ ಅಮೃತಶಿಲೆಯ ಗೀರುಗಳ ಹಾಗೆ ಉಳಿಯುವುದು ಅದಕ್ಕೇ. ನೀಲಿ ಮುಚ್ಚಳ, ಬಿಳಿ ಕ್ಯಾನು, ಒಂದಿಷ್ಟು ಹಳದಿ ಶಾಂಪೂ ಬಾಟಲಿ ಸೇರಿ ಬಂದ ಹಲಗೆ ನೋಡಲು ನಿಜಕ್ಕೂ ಚಂದ. ಒಂದರ ಹಾಗೆ ಇನ್ನೊಂದು ಇರಲ್ಲ.

ಕಷ್ಟ ಇರುವುದು ತಣಿಸುವಾಗ. ತಣಿಯುತ್ತ ಎಚ್‌ಡಿಪಿಇ ಶೇ 2ರಿಂದ 3ರಷ್ಟು ಕುಗ್ಗುತ್ತದೆ. ಅವಸರ ಮಾಡಿ ಯಂತ್ರದಿಂದ ಬಿಸಿಬಿಸಿ ತೆಗೆದರೆ ಒಂದು ಮಗ್ಗುಲು ಬೇಗ ಕುಗ್ಗಿ ಹಲಗೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಒತ್ತಡದ ಅಡಿಯಲ್ಲೇ ನಿಧಾನಕ್ಕೆ ತಣಿಯಲು ಬಿಡಬೇಕು. ಆಮೇಲೆ ಮರಗೆಲಸದ ಗರಗಸದಲ್ಲೇ ಕುಯ್ಯಬಹುದು, ಡ್ರಿಲ್ ಮಾಡಬಹುದು. ಅಂಟು ಮಾತ್ರ ಹಚ್ಚಲು ಹೋಗಬೇಡಿ. ಎಚ್‌ಡಿಪಿಇ, ಪಿಪಿ ಮೈಗೆ ಸಾಮಾನ್ಯ ಅಂಟಾಗಲಿ ಬಣ್ಣವಾಗಲಿ ಹಿಡಿಯಲ್ಲ. ಸ್ಕ್ರೂ, ಬೋಲ್ಟ್, ಇಲ್ಲವೇ ಬಿಸಿ ಮಾಡಿ ಬೆಸೆಯುವುದು, ಇಷ್ಟೇ ದಾರಿ. ಇದು ಕೊರತೆಯಂತೆ ಕಂಡರೂ ಅನುಕೂಲವೇ. ಸ್ಕ್ರೂ ಬಿಚ್ಚಿದರೆ ಸ್ಟೂಲು ಮತ್ತೆ ಶುದ್ಧ ಎಚ್‌ಡಿಪಿಇ ಹಲಗೆಗಳಾಗುತ್ತದೆ, ಮತ್ತೆ ಪುಡಿಯಾಗಿ ಇನ್ನೊಂದು ಹಲಗೆಯಾಗುತ್ತದೆ.

ಸ್ಟೂಲ್, ಬೆಂಚು, ಕಪಾಟಿನ ಹಲಗೆ, ಗೋಡೆಗೆ ಹೊಡೆಯುವ ಕೊಕ್ಕೆ, ಹೂಕುಂಡ, ಸೋಪಿನ ತಟ್ಟೆ, ಚಪ್ಪಲಿ ಸ್ಟ್ಯಾಂಡ್. ಈ ಸಾಮಾನುಗಳಿಗೆ ಕರಗಿಸಿದ ಪ್ಲಾಸ್ಟಿಕ್ ಚೆನ್ನಾಗಿ ಹೊಂದುತ್ತದೆ. ದಪ್ಪ ಇರುವುದರಿಂದ ಸಣ್ಣಪುಟ್ಟ ದೋಷ ಇದ್ದರೂ ತಡೆಯುತ್ತದೆ. ನೀರು ತಾಗಿದರೆ ಕೊಳೆಯಲ್ಲ. ಯಾರೂ ಬಾಯಿಗೆ ಹಾಕಿಕೊಳ್ಳಲ್ಲ. ಕಾರ್ಖಾನೆ ಮಟ್ಟದಲ್ಲೂ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಅಮೆರಿಕದ ಎಮೆಕೊ ಕಂಪನಿ 2010ರಲ್ಲಿ ಕೋಕಾ ಕೋಲಾ ಜೊತೆ ಸೇರಿ ಒಂದು ಕುರ್ಚಿ ತಂದಿತು. ಒಂದು ಕುರ್ಚಿಗೆ ಕಡಿಮೆ ಎಂದರೂ 111 ಪೆಟ್ ಬಾಟಲಿ ಬೇಕು. ಗಟ್ಟಿತನಕ್ಕೆ ಗಾಜಿನ ನಾರು ಸೇರಿಸಿದ್ದರು. ಗಾಜಿನ ನಾರು ಸೇರಿದ ಮೇಲೆ ಅದು ಮತ್ತೆ ಬಾಟಲಿಯಾಗಲು ಸಾಧ್ಯವಿಲ್ಲ ನಿಜ. ಆದರೆ ಒಂದೇ ಸಲ ಬಳಸಿ ಎಸೆಯುವ ವಸ್ತು ದಶಕಗಳು ಬಾಳುವ ಕುರ್ಚಿಯಾದರೆ ಅದು ಲಾಭದ ಬದಲಾವಣೆ ಅಂತಲೇ ನನ್ನ ಲೆಕ್ಕ.

ಕೆಲಸ ಮಾಡುವವರ ಆರೋಗ್ಯದ ಬಗ್ಗೆ ಎರಡು ಮಾತು. ಅಡುಗೆ ಮನೆಯ ಒಲೆ, ಓವನ್, ಪಾತ್ರೆ ಯಾವುದನ್ನೂ ಈ ಕೆಲಸಕ್ಕೆ ಬಳಸಬಾರದು. ಗಾಳಿ ಆಡುವ ಜಾಗ, ಹೊಗೆ ಎಳೆಯುವ ಫ್ಯಾನು, ಬಿಸಿ ಅಳೆಯುವ ಸಾಧನ ಬೇಕೇ ಬೇಕು. ಕುಯ್ದಾಗ, ಉಜ್ಜಿದಾಗ ಉದುರುವ ಪುಡಿಯೂ ಪ್ಲಾಸ್ಟಿಕ್ಕೇ. ಬ್ರಿಟನ್ನಿನ ಒಂದು ಮರುಬಳಕೆ ಘಟಕದ ಮೇಲೆ 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ತೊಳೆದ ನೀರನ್ನು ಸೋಸಿದ ಮೇಲೂ, ಒಳಗೆ ಬಂದ ಪ್ಲಾಸ್ಟಿಕ್‌ನ ಸುಮಾರು ಶೇ 6ರಷ್ಟು ಸೂಕ್ಷ್ಮ ಕಣವಾಗಿ ಹೊರಹೋಗುವ ಸಾಧ್ಯತೆ ಇತ್ತು. ಆದ್ದರಿಂದ ಪುಡಿಯನ್ನು ಗುಡಿಸಿ ಚರಂಡಿಗೆ ತಳ್ಳದೆ, ಒಟ್ಟುಮಾಡಿ ಮುಂದಿನ ಹಲಗೆಗೇ ಸೇರಿಸಬೇಕು. ತೊಳೆದ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಿಡಬೇಕು.

ಆಟಿಕೆಗೆ ಬಂದರೆ ಲೆಕ್ಕ ಬೇರೆ

ಆಟಿಕೆಯನ್ನು ಮಗು ಕಚ್ಚುತ್ತದೆ, ಚೀಪುತ್ತದೆ, ಎತ್ತಿ ಎಸೆಯುತ್ತದೆ, ಮುರಿಯುತ್ತದೆ, ಮುರಿದ ಚೂರನ್ನು ಮತ್ತೆ ಬಾಯಿಗೆ ಹಾಕುತ್ತದೆ. ಸ್ಟೂಲಿಗೆ ನಡೆಯುವ ಪ್ಲಾಸ್ಟಿಕ್ ಇಲ್ಲಿ ನಡೆಯಬೇಕೆಂದೇನಿಲ್ಲ.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಕಪ್ಪು ಪ್ಲಾಸ್ಟಿಕ್. ಟಿವಿ, ಕಂಪ್ಯೂಟರ್, ಪ್ರಿಂಟರ್‌ಗಳ ಕವಚಕ್ಕೆ ಬೆಂಕಿ ಹತ್ತದಿರಲಿ ಎಂದು ಬ್ರೋಮಿನ್ ಇರುವ ರಾಸಾಯನಿಕಗಳನ್ನು ಬಹಳ ವರ್ಷ ಸೇರಿಸುತ್ತಿದ್ದರು. ಇವು ದೇಹದಲ್ಲಿ ಸೇರಿಕೊಂಡರೆ ಬೇಗ ಹೋಗುವವಲ್ಲ. ಥೈರಾಯ್ಡ್ ಮೇಲೆ, ಮಕ್ಕಳ ಮಿದುಳಿನ ಬೆಳವಣಿಗೆ ಮೇಲೆ ಪರಿಣಾಮ ಬೀರುತ್ತವೆ ಎನ್ನುವ ಕಾರಣಕ್ಕೆ ಸ್ಟಾಕ್‌ಹೋಮ್ ಒಪ್ಪಂದ ಎಂಬ ಜಾಗತಿಕ ಒಡಂಬಡಿಕೆಯಡಿ ಕೆಲವನ್ನು 2009ರಲ್ಲಿ, ಡೆಕಾಬಿಡಿಇ ಎಂಬುದನ್ನು 2017ರಲ್ಲಿ ನಿಷೇಧದ ಪಟ್ಟಿಗೆ ಸೇರಿಸಿದರು. ಆದರೆ 2009ರ ತೀರ್ಮಾನದಲ್ಲಿ ಒಂದು ಸಂದು ಉಳಿಯಿತು. ಅವು ಇರುವ ಹಳೆ ಪ್ಲಾಸ್ಟಿಕ್ಕನ್ನು ಮರುಬಳಕೆ ಮಾಡಲು ದೇಶಗಳು 2030ರವರೆಗೆ ವಿನಾಯಿತಿ ಪಡೆಯಬಹುದಿತ್ತು.

ಪರಿಣಾಮ ಏನಾಯಿತು? ವಿಷಕಾರಿ ರಾಸಾಯನಿಕಗಳ ವಿರುದ್ಧ ಕೆಲಸ ಮಾಡುವ ಐಪೆನ್ ಎಂಬ ಅಂತರರಾಷ್ಟ್ರೀಯ ಜಾಲ 2017ರಲ್ಲಿ 26 ದೇಶಗಳಲ್ಲಿ ಕೊಂಡ ಮರುಬಳಕೆ ಪ್ಲಾಸ್ಟಿಕ್‌ನ ವಸ್ತುಗಳನ್ನು ಪರೀಕ್ಷೆಗೆ ಕೊಟ್ಟಿತು. ಹೆಚ್ಚಿನವು ಬಣ್ಣದ ಚೌಕಗಳನ್ನು ತಿರುಗಿಸಿ ಹೊಂದಿಸುವ ಘನದಾಕಾರದ ಆಟಿಕೆಗಳು. ಹತ್ತರಲ್ಲಿ ಹೆಚ್ಚುಕಡಿಮೆ ಒಂಬತ್ತರಲ್ಲಿ ಈ ರಾಸಾಯನಿಕಗಳು ಸಿಕ್ಕವು. ಆಟಿಕೆಗೆ ಬೆಂಕಿ ತಡೆಯುವ ರಾಸಾಯನಿಕ ಯಾರೂ ಬೇಕೆಂದು ಹಾಕಲ್ಲ. ಹಳೆ ಟಿವಿಯ ಕವಚ ಪುಡಿಯಾಗಿ, ಕೈಯಿಂದ ಕೈಗೆ ದಾಟಿ, ಕಪ್ಪು ಬಣ್ಣದಲ್ಲಿ ಎಲ್ಲವೂ ಮುಚ್ಚಿಹೋಗಿ ಮಗುವಿನ ಕೈಗೆ ಬಂದಿದೆ. ಈ ದಾರಿಯುದ್ದಕ್ಕೂ ಒಬ್ಬರೂ 'ಇದು ಮೊದಲು ಏನಾಗಿತ್ತು' ಎಂದು ಕೇಳಿಲ್ಲ.

ಈ ವಿಷಯದಲ್ಲಿ ಗಾಬರಿ ಹಬ್ಬಿಸುವುದೂ ಸುಲಭ. 2024ರಲ್ಲಿ ಕಪ್ಪು ಪ್ಲಾಸ್ಟಿಕ್‌ನ ಅಡುಗೆ ಸೌಟುಗಳಲ್ಲಿ ಇದೇ ಡೆಕಾಬಿಡಿಇ ಇದೆ ಎನ್ನುವ ಒಂದು ಸಂಶೋಧನೆ ಬಂತು. ಜಗತ್ತಿನ ತುಂಬ ಸುದ್ದಿಯಾಯಿತು. ಆಮೇಲೆ ನೋಡಿದರೆ ಅದರಲ್ಲಿ ಗುಣಾಕಾರ ತಪ್ಪಿತ್ತು. 60 ಕಿಲೋ ತೂಕದ ವ್ಯಕ್ತಿಗೆ ದಿನದ ಮಿತಿ 4,20,000 ನ್ಯಾನೊಗ್ರಾಂ ಆಗಬೇಕಿದ್ದಲ್ಲಿ 42,000 ಎಂದು ಬರೆದಿದ್ದರು. ಅಂದರೆ ಸೌಟಿನಿಂದ ದೇಹ ಸೇರುವ ಪ್ರಮಾಣ ಮಿತಿಯ ಹತ್ತಿರ ಇದೆ ಎಂದು ಕಂಡಿದ್ದು ನಿಜಕ್ಕೂ ಅದರ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿತ್ತು. ಪತ್ರಿಕೆ ತಿದ್ದುಪಡಿ ಪ್ರಕಟಿಸಿತು. ಹಾಗಂತ ಆ ರಾಸಾಯನಿಕ ಅಲ್ಲಿ ಇತ್ತು ಎನ್ನುವುದು ಸುಳ್ಳಾಗಲಿಲ್ಲ. ಇರಬಾರದ ಜಾಗದಲ್ಲಿ ಇತ್ತು, ಅಷ್ಟೇ ಸಾಕು ನನಗೆ.

ಇನ್ನೊಂದು ಕಡೆ ಹಳೆ ಆಟಿಕೆಗಳದ್ದೇ ಸಮಸ್ಯೆ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು 2018ರಲ್ಲಿ 200 ಬಳಸಿದ ಪ್ಲಾಸ್ಟಿಕ್ ಆಟಿಕೆಗಳನ್ನು ಪರೀಕ್ಷಿಸಿದ ಅಧ್ಯಯನ ಪ್ರಕಟಿಸಿದರು. ಸೀಸ, ಕ್ಯಾಡ್ಮಿಯಂ, ಬ್ರೋಮಿನ್‌ನಂಥವು ಹಲವದರಲ್ಲಿ ಸಿಕ್ಕವು. ಹಳದಿ, ಕೆಂಪು, ಕಪ್ಪು ಬಣ್ಣದ ಆಟಿಕೆಗಳಲ್ಲಿ ಜಾಸ್ತಿ. ಆ ಕಾಲದ ಹಳದಿ, ಕೆಂಪು ಬಣ್ಣಕ್ಕೆ ಸೀಸ, ಕ್ಯಾಡ್ಮಿಯಂ ಸೇರಿಸುತ್ತಿದ್ದದ್ದೇ ಕಾರಣ. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವ ಥ್ಯಾಲೇಟ್‌ಗಳ ಕತೆಯೂ ಹೀಗೆಯೇ. ಯುರೋಪಿಯನ್ ಒಕ್ಕೂಟ 2005ರಲ್ಲಿ, ಅಮೆರಿಕ 2008ರಲ್ಲಿ ಆಟಿಕೆಗಳಲ್ಲಿ ಅವುಗಳ ಮಿತಿಯನ್ನು ಶೇ 0.1ಕ್ಕೆ ಇಳಿಸಿದವು. ಅದಕ್ಕೂ ಮೊದಲು ತಯಾರಾದ ಮೆತ್ತನೆಯ ಪಿವಿಸಿ ಗೊಂಬೆಗಳು ಇನ್ನೂ ಅಟ್ಟಗಳಲ್ಲಿ, ಗುಜರಿಯಲ್ಲಿ ಇವೆ. ಅವುಗಳನ್ನು ಕರಗಿಸಿ ಹೊಸ ಆಟಿಕೆ ಮಾಡಿದರೆ ಹಳೆ ರಾಸಾಯನಿಕ ಹೊಸ ಮಗುವಿಗೆ ದಾಟುತ್ತದೆ.

ಹಾಗಾದರೆ ಸುರಕ್ಷಿತವಾಗಿ ಮಾಡಲು ಆಗಲ್ಲವಾ? ಆಗುತ್ತದೆ. ಅಮೆರಿಕದ ಗ್ರೀನ್ ಟಾಯ್ಸ್ ಕಂಪನಿ ಹಾಲಿನ ಪ್ಲಾಸ್ಟಿಕ್ ಕ್ಯಾನುಗಳಿಂದ ಆಟದ ಲಾರಿ, ದೋಣಿ ಮಾಡುತ್ತದೆ. ಹಾಲಿನ ಕ್ಯಾನು ಒಂದೇ ಜಾತಿಯ ಎಚ್‌ಡಿಪಿಇ, ಬಣ್ಣ ಹಾಕಿರಲ್ಲ, ಮೊದಲೇ ಆಹಾರ ತುಂಬಲು ಯೋಗ್ಯವಾದದ್ದು. ಅಂದರೆ ಅದರ ಪೂರ್ವೇತಿಹಾಸ ಪೂರ್ತಿ ಗೊತ್ತು. ಗುಟ್ಟು ಇರುವುದು ಅಲ್ಲೇ.

ಇದರ ಎದುರಿಗೆ, ಒಂದಕ್ಕೊಂದು ಜೋಡಿಸಿ ಆಡುವ ಪುಟ್ಟ ಇಟ್ಟಿಗೆಗಳನ್ನು ಮಾಡುವ ಲೆಗೊ ಕಂಪನಿಯ ಅನುಭವ ಇಡಬೇಕು. 1963ರಿಂದ ಅದರ ಇಟ್ಟಿಗೆಗಳು ಎಬಿಎಸ್ ಎನ್ನುವ ಪ್ಲಾಸ್ಟಿಕ್‌ನಲ್ಲಿ ತಯಾರಾಗುತ್ತಿವೆ. 2021ರಲ್ಲಿ ಪೆಟ್ ಬಾಟಲಿಯಿಂದ ಮಾಡಿದ ಮಾದರಿ ಇಟ್ಟಿಗೆ ತೋರಿಸಿದರು. ಒಂದು ಲೀಟರ್ ಬಾಟಲಿಯಿಂದ ಹತ್ತು ಇಟ್ಟಿಗೆ. ಎಲ್ಲರೂ ಮೆಚ್ಚಿಕೊಂಡರು. 2023ರ ಸೆಪ್ಟೆಂಬರ್‌ನಲ್ಲಿ ಆ ಯೋಜನೆ ಕೈಬಿಟ್ಟರು. ಪೆಟ್ ಮೆತ್ತಗಿರುವುದರಿಂದ ಗಟ್ಟಿತನಕ್ಕೆ ಬೇರೆ ವಸ್ತು ಸೇರಿಸಬೇಕು, ಒಣಗಿಸಿ ಸಂಸ್ಕರಿಸಲು ಜಾಸ್ತಿ ಶಕ್ತಿ ಬೇಕು, ಕಾರ್ಖಾನೆಯ ಯಂತ್ರಗಳನ್ನೇ ಬದಲಿಸಬೇಕು. ಎಲ್ಲ ಕೂಡಿಸಿದರೆ ಇಂಗಾಲದ ಹೊರೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತಿತ್ತು. ಅಷ್ಟು ಹಣ, ಅಷ್ಟು ತಜ್ಞರು ಇರುವ ಕಂಪನಿ ಲೆಕ್ಕ ಹಾಕಿ ಹಿಂದೆ ಸರಿದದ್ದು ನನ್ನ ದೃಷ್ಟಿಯಲ್ಲಿ ಪ್ರಾಮಾಣಿಕ ನಡೆ. 1958ರಿಂದ ತಯಾರಾದ ಇಟ್ಟಿಗೆಗಳು ಇವತ್ತಿನವಕ್ಕೂ ಕೂಡಿಕೊಳ್ಳುತ್ತವೆ. ಆಟಿಕೆ ಎರಡು ಮೂರು ತಲೆಮಾರು ಕೈ ಬದಲಾಯಿಸಿಕೊಂಡು ಹೋಗುವುದಾದರೆ ಅದನ್ನು ಕರಗಿಸುವ ಮಾತೇ ಬರಲ್ಲ.

ಕರಗಿಸದೆ ಮಾಡುವ ಆಟಿಕೆ

ಮನೆಯಲ್ಲಿ, ಶಾಲೆಯಲ್ಲಿ ಮಕ್ಕಳ ಜೊತೆ ಮಾಡುವುದಾದರೆ ನನ್ನ ಒಲವು ಪೂರ್ತಿ ಈ ಕಡೆಗೆ. ಐಐಟಿ ಕಾನ್ಪುರದಲ್ಲಿ ಓದಿದ ಅರವಿಂದ ಗುಪ್ತಾ ಬದುಕಿನ ದೊಡ್ಡ ಭಾಗವನ್ನು ಇದಕ್ಕೇ ಕೊಟ್ಟರು. ಬಿಸಾಡಿದ ಸ್ಟ್ರಾ, ಬಾಟಲಿ, ಡಬ್ಬಿ, ಸೈಕಲ್ ಟ್ಯೂಬುಗಳಿಂದ ವಿಜ್ಞಾನ ಹೇಳುವ ಆಟಿಕೆ ಮಾಡಿ ತೋರಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅವರು ತೋರಿಸುವ ಸ್ಟ್ರಾ ಪೀಪಿಯನ್ನೇ ನೋಡಿ. ಸ್ಟ್ರಾದ ಒಂದು ತುದಿಯನ್ನು ಹಲ್ಲಿನಿಂದ ಒತ್ತಿ ಚಪ್ಪಟೆ ಮಾಡಬೇಕು. ಎರಡೂ ಬದಿ ಓರೆಯಾಗಿ ಕತ್ತರಿಸಿ ಚೂಪು ಮಾಡಬೇಕು. ಆ ತುದಿ ಬಾಯಲ್ಲಿಟ್ಟು ಗಟ್ಟಿಯಾಗಿ ಊದಿದರೆ ಎರಡು ಎಸಳು ನಡುಗಿ ಪೀಪಿ ಕೂಗುತ್ತದೆ. ಊದುತ್ತಲೇ ಇನ್ನೊಂದು ತುದಿಯನ್ನು ಕತ್ತರಿಯಿಂದ ತುಂಡು ತುಂಡಾಗಿ ಕತ್ತರಿಸುತ್ತ ಬಂದರೆ ದನಿ ಏರುತ್ತ ಹೋಗುತ್ತದೆ. ಗಾಳಿಯ ಕಂಬ ಚಿಕ್ಕದಾದಷ್ಟೂ ಸ್ವರ ಮೇಲೇರುತ್ತದೆ ಎನ್ನುವ ಪಾಠ ಮಗುವಿನ ಕಿವಿಗೇ ತಲುಪುತ್ತದೆ. ಸ್ಟ್ರಾ ಮಾತ್ರ ಬೇರೆಯವರ ಬಾಯಿ ಮುಟ್ಟಿರದ, ತೊಳೆದದ್ದು ಆಗಿರಬೇಕು.

ಪೆಟ್ ಬಾಟಲಿಯಲ್ಲೂ ಒಂದು ಒಳ್ಳೆಯ ಗುಣ ಅಡಗಿದೆ. ಬಾಟಲಿಯ ತಳ ಕತ್ತರಿಸಿ, ಅಂಚನ್ನು ಸ್ಥಿರವಾಗಿ ಕೂರಿಸಿದ ಬ್ಲೇಡಿಗೆ ಕೊಟ್ಟು ಎಳೆದರೆ ಬಾಟಲಿ ತಿರುಗುತ್ತ ತಿರುಗುತ್ತ ಒಂದೇ ಉದ್ದನೆಯ ಪಟ್ಟಿಯಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಬಾಟಲಿಯಿಂದ ಮೀಟರುಗಟ್ಟಲೆ ದಾರ. ಬಾಟಲಿ ಮಾಡುವಾಗ ಪ್ಲಾಸ್ಟಿಕ್ಕನ್ನು ಎಳೆದು, ಉಬ್ಬಿಸಿ ಹಿಗ್ಗಿಸಿರುತ್ತಾರೆ. ಬಿಸಿಗಾಳಿ ತಾಗಿದ ಕೂಡಲೇ ಅದು ಕುಗ್ಗುತ್ತದೆ. ಎರಡು ಕೋಲುಗಳ ಸಂದಿಗೆ ಈ ಪಟ್ಟಿ ಬಿಗಿಯಾಗಿ ಸುತ್ತಿ ಬಿಸಿಗಾಳಿ ಹಿಡಿದರೆ ಮೊಳೆ, ಅಂಟು ಇಲ್ಲದೆ ಗಟ್ಟಿ ಕಟ್ಟು ಬೀಳುತ್ತದೆ. ಸಡಿಲವಾದ ಕುರ್ಚಿ ಕಾಲು, ಪೊರಕೆ ಹಿಡಿ ಬಿಗಿ ಮಾಡಲು ಒಳ್ಳೆಯ ಉಪಾಯ. ಬ್ಲೇಡಿನ ಕೆಲಸ ದೊಡ್ಡವರದ್ದೇ.

ಕೆನ್ಯಾದ ಓಶನ್ ಸೋಲ್ ಸಂಸ್ಥೆಯ ದಾರಿ ಇನ್ನೂ ಬೇರೆ. 1990ರ ದಶಕದ ಕೊನೆಯಲ್ಲಿ ಅಲ್ಲಿನ ಒಂದು ದ್ವೀಪದ ದಡಕ್ಕೆ ಸಮುದ್ರ ತಂದು ಹಾಕಿದ ಹವಾಯಿ ಚಪ್ಪಲಿಗಳಿಂದ ಮಕ್ಕಳು ಆಟಿಕೆ ಕತ್ತರಿಸಿಕೊಳ್ಳುತ್ತಿದ್ದರು. ಅದನ್ನು ಕಂಡ ಕಡಲ ಸಂರಕ್ಷಣಾ ತಜ್ಞೆ ಜೂಲಿ ಚರ್ಚ್ ಅದನ್ನೇ ಒಂದು ಉದ್ಯೋಗವಾಗಿ ಬೆಳೆಸಿದರು. ಚಪ್ಪಲಿಗಳನ್ನು ತೊಳೆದು, ಒಂದರ ಮೇಲೊಂದು ಅಂಟಿಸಿ ದಿಮ್ಮಿ ಮಾಡುತ್ತಾರೆ. ಆ ದಿಮ್ಮಿಯನ್ನು ಚಾಕುವಿನಲ್ಲಿ ಕೆತ್ತಿ ಆನೆ, ಜಿರಾಫೆ, ಆಮೆ ಮಾಡುತ್ತಾರೆ. ಮರ ಕೆತ್ತುವ ಕೈಗಳಿಗೆ ಮರ ಕಡಿಯದೆ ಕೆಲಸ ಸಿಕ್ಕಿತು.

ಮೆತ್ತನೆ ಕವರ್‌ಗಳದ್ದು ಸುಲಭ. ಕವರ್ ಉದ್ದಕ್ಕೆ ಮಡಚಿ ಅಡ್ಡಡ್ಡ ಕತ್ತರಿಸಿದರೆ ಉಂಗುರಗಳು ಬರುತ್ತವೆ, ಒಂದಕ್ಕೊಂದು ಕುಣಿಕೆ ಹಾಕಿದರೆ ದಾರ. ಕ್ರೋಶಾ ಕಡ್ಡಿಯಲ್ಲಿ ಹೆಣೆದರೆ ಚಾಪೆ, ಚೀಲ. ಬಿಸಿಲಲ್ಲಿ ಇಡದಿದ್ದರೆ ಚೆನ್ನಾಗಿ ಬಾಳುತ್ತದೆ. ಬಿಸಿಲು ಬಿದ್ದರೆ ಪುಡಿಪುಡಿಯಾಗುತ್ತದೆ.

ಕರಗಿಸದೆ ಮಾಡಿದ್ದಕ್ಕೂ ಕೆಲವು ಕಟ್ಟುಪಾಡು ಬೇಕು. ಔಷಧಿ, ಕೀಟನಾಶಕ, ಫಿನಾಯಿಲ್ ತುಂಬಿದ್ದ ಬಾಟಲಿ ಎಷ್ಟು ತೊಳೆದರೂ ಮಗುವಿಗೆ ಬೇಡ. ಕತ್ತರಿಸಿದ ಅಂಚಿಗೆ ಟೇಪು ಸುತ್ತಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ಸಣ್ಣ ಬಿಡಿಭಾಗ ಕೊಡಲೇಬಾರದು. ಆಟಿಕೆ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವ ಭಾಗವೂ ಪುಟ್ಟ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎಂದು ಅರ್ಥ. ನೀರಿನ ಬಾಟಲಿಯ ಮುಚ್ಚಳ ಸಾಮಾನ್ಯವಾಗಿ ಸುಮಾರು 30 ಮಿಲಿಮೀಟರ್ ಅಗಲ. ಅಂದರೆ ಮುಚ್ಚಳದ ಚಕ್ರದ ಗಾಡಿ ನೋಡಲು ಎಷ್ಟೇ ಮುದ್ದಾಗಿದ್ದರೂ ಎರಡು ವರ್ಷದ ಮಗುವಿನ ಕೈಗೆ ಹೋಗಬಾರದು. ಚಕ್ರ ಕಳಚಿದರೆ ನೇರ ಬಾಯಿಗೆ.

ಮಾಡಿದ್ದು ಮುಂದೆ ಎಲ್ಲಿಗೆ ಹೋಗುತ್ತದೆ?

ಹೊಳೆಯುವ ಪುಡಿ, ಬಣ್ಣದ ಸ್ಪ್ರೇ, ಬಿಸಿ ಅಂಟು, ಥರ್ಮಾಕೋಲ್, ಗಾಜಿನ ಮಣಿ ಎಲ್ಲ ಸೇರಿಸಿ ಬಾಟಲಿಯನ್ನು ಅಲಂಕಾರದ ವಸ್ತು ಮಾಡುವ ವಿಡಿಯೊಗಳು ತುಂಬಾ ಇವೆ. ಅದನ್ನು ಮಾಡುವವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಬಾಟಲಿ ಹಾಗೇ ಇದ್ದಿದ್ದರೆ ಗುಜರಿಗೆ ಹೋಗಿ ದಾರವೋ ಇನ್ನೊಂದು ಬಾಟಲಿಯೋ ಆಗುತ್ತಿತ್ತು. ಅಲಂಕಾರ ಹಚ್ಚಿದ ಮೇಲೆ ಯಾರೂ ಕೊಳ್ಳಲ್ಲ. ಆರು ತಿಂಗಳಿಗೆ ಬೇಜಾರಾಗಿ ಎಸೆದರೆ ಅದು ಮೊದಲಿಗಿಂತ ಕೆಟ್ಟ ಕಸ. ಕರಗಿಸಿದ ಪ್ಲಾಸ್ಟಿಕ್‌ಗೆ ಮರಳು ಬೆರೆಸಿ ಇಟ್ಟಿಗೆ ಮಾಡುವುದಕ್ಕೂ ಈ ಪ್ರಶ್ನೆ ಇದೆ. ಯಾರಿಗೂ ಬೇಡವಾದ ಬೆರಕೆ ಪ್ಲಾಸ್ಟಿಕ್‌ಗೆ ಅದು ಒಂದು ದಾರಿ ಆಗಬಹುದು. ಶುದ್ಧ ಎಚ್‌ಡಿಪಿಇಯನ್ನು ಮರಳಿಗೆ ಹಾಕಿದರೆ ನಷ್ಟವೇ.

ನಾನು ಕೇಳುವ ಪ್ರಶ್ನೆ ಸರಳ. ಈ ವಸ್ತು ಇಲ್ಲದಿದ್ದರೆ ಅದರ ಜಾಗಕ್ಕೆ ಹೊಸದೊಂದನ್ನು ಕೊಳ್ಳುತ್ತಿದ್ದೆವಾ? ಹೌದು ಎಂದಾದರೆ ಒಂದು ಹೊಸ ಪ್ಲಾಸ್ಟಿಕ್ ಸ್ಟೂಲ್ ತಯಾರಾಗುವುದು ತಪ್ಪಿತು, ಕೆಲಸ ಸಾರ್ಥಕ. ಇಲ್ಲ ಎಂದಾದರೆ ಕಸದ ಆಕಾರ ಬದಲಾಯಿತು, ಅಷ್ಟೆ. ಇಂಥ ವರ್ಕ್‌ಶಾಪ್‌ಗಳು ಕೀಚೈನ್, ಕಿವಿಯೋಲೆ ಮಾಡುವುದನ್ನು ಕಡಿಮೆ ಮಾಡಿ ಕಪಾಟು, ಕೊಕ್ಕೆ, ಬೆಂಚಿನ ಕಡೆ ಹೋಗಬೇಕು ಎಂದು ನಾನು ಹೇಳುವುದು ಇದಕ್ಕೇ. ಆಹಾರ ಮುಟ್ಟುವ ತಟ್ಟೆ, ಲೋಟ, ಚಮಚ ಮಾತ್ರ ಬೇಡವೇ ಬೇಡ. ಆಹಾರಕ್ಕೆ ತಾಗುವ ಮರುಬಳಕೆ ಪ್ಲಾಸ್ಟಿಕ್ ಹೇಗೆ ತಯಾರಾಗಬೇಕು ಎಂದು ಯುರೋಪಿಯನ್ ಒಕ್ಕೂಟ 2022ರಲ್ಲಿ ಪ್ರತ್ಯೇಕ ನಿಯಮವನ್ನೇ ತಂದಿದೆ. ಸಣ್ಣ ವರ್ಕ್‌ಶಾಪ್‌ನ ಕೈಯಲ್ಲಿ ಆ ಪರೀಕ್ಷೆಗಳೆಲ್ಲ ಆಗುವುದಿಲ್ಲ.

ಈ ಕೆಲಸದಲ್ಲಿ ಹೆಚ್ಚು ತಿಳಿದವರು ಯಾರು ಗೊತ್ತಾ? ಕಸ ಆಯುವವರು. ಜಗತ್ತಿನಲ್ಲಿ ಮರುಬಳಕೆಗೆ ಸಂಗ್ರಹವಾಗುವ ಪ್ಲಾಸ್ಟಿಕ್‌ನ ಸುಮಾರು ಶೇ 60ರಷ್ಟನ್ನು ಒಟ್ಟುಮಾಡುವವರು ಅವರೇ ಎಂದು ಅಂದಾಜಿದೆ. ಪಿಪಿ ಯಾವುದು, ಎಚ್‌ಡಿಪಿಇ ಯಾವುದು ಎಂದು ಅವರಲ್ಲಿ ಎಷ್ಟೋ ಜನ ಬೆರಳಿನಿಂದ ಬಗ್ಗಿಸಿ, ನೆಲಕ್ಕೆ ಕುಟ್ಟಿ ಸದ್ದು ಕೇಳಿ ಹೇಳುತ್ತಾರೆ. ಹೊಸದಾಗಿ ಹಲಗೆ ಯಂತ್ರ ಕಟ್ಟುವ ಗುಂಪುಗಳು ಮೊದಲು ಅವರನ್ನು ಕೂರಿಸಿಕೊಂಡು ಕಲಿಯಬೇಕು, ಆ ತಿಳಿವಳಿಕೆಗೆ ಸಂಬಳ ಕೊಡಬೇಕು.

ಇನ್ನೊಂದು ಸಣ್ಣ ಕೆಲಸವನ್ನು ಎಲ್ಲ ವರ್ಕ್‌ಶಾಪ್‌ಗಳೂ ಇವತ್ತೇ ಮಾಡಬಹುದು. ಅಚ್ಚಿನ ಒಳಮೈಯ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್‌ನ ಅಂಕಿ, ತಯಾರಾದ ವರ್ಷ ಮತ್ತು ಅದು ಮೊದಲು ಏನಾಗಿತ್ತು ಎನ್ನುವುದನ್ನು ಕೊರೆಯಬಹುದು. '2, ಮುಚ್ಚಳ' ಎಂದಿದ್ದರೂ ಸಾಕು. ಕೊಳ್ಳುವವರಿಗೆ ಏನು ಕೊಳ್ಳುತ್ತಿದ್ದೇವೆ ಎಂದು ತಿಳಿಯುತ್ತದೆ. ಮುಂದೆ ಅದನ್ನು ಪುಡಿ ಮಾಡುವವರು ಯಾವ ರಾಶಿಗೆ ಹಾಕಬೇಕೆಂದು ಊಹಿಸುತ್ತ ಕೂರಬೇಕಾಗಿಲ್ಲ.